ಹೆಗಡೆ ಮಾಸ್ತರಿಗೆ ಓದಿನ ತರಬೇತಿ

೧೮ ನವೆಂಬರ್ ೨೦೦೨, ಸೋಮವಾರ

ಅಜ್ಜಿಗೆ ಕೆಮ್ಮು ಕಲಿಸುವುದಕ್ಕೆ ಇಲಾಖೆ ಒಂದು ವಾರ ತೆಗೆದಿಟ್ಟಿದೆ. ಮಕ್ಕಳಿಗೆ ಓದು ಕಲಿಸುವುದು ಹೇಗೆ ಎಂದು ಮಾಸ್ತರುಗಳಿಗೆ ಯಲ್ಲಾಪುರದಲ್ಲಿ ತರಬೇತಿಯಂತೆ. ಮೂವತ್ತೊಂದು ವರ್ಷದಿಂದ ಅದೊಂದೇ ಕೆಲಸ ಮಾಡಿಕೊಂಡು ಬಂದ ವಿಘ್ನೇಶ್ವರ ಹೆಗಡೆಯನ್ನೂ ಕರೆದಿದ್ದಾರೆ. ಹೋದೆ. ಸರಕಾರದ ಆದೇಶಕ್ಕೆ ಬೆಲೆ ಕೊಡಬೇಕಲ್ಲ.

ಹೋಗಿ ನೋಡಿದರೆ ತರಬೇತಿ ಕೊಡುವವಳು ನಮ್ಮ ಪ್ರತಿಭಾ! ಒಂದನೇ ಇಯತ್ತೆಯಿಂದ ನನ್ನ ಕೈಯಲ್ಲೇ ಕಲಿತವಳು. ಆಗ ಮೂಗು ಸೋರುತ್ತಿತ್ತು, ಈಗ ಅದರ ಮೇಲೊಂದು ಕನ್ನಡಕ ಕೂತಿದೆ. ಉಳಿದ ಮಾಸ್ತರುಗಳೆಲ್ಲ ಅವಳನ್ನು ಅಕ್ಕೋರೇ, ಅಕ್ಕೋರೇ ಎನ್ನುತ್ತಿದ್ದರು. ನನಗೆ ನಾಲಿಗೆ ಹೊರಳಲಿಲ್ಲ.

ಮೊದಲ ಗೊಂದಲ ಕೂರುವುದರದ್ದು. ಎಲ್ಲರಿಗೂ ನೆಲದ ಮೇಲೆ ಜಮಖಾನೆ. ನಾನೂ ಕೂತೆ. ಪ್ರತಿಭಾ ನಿಂತವಳು ಪಾಠ ಶುರು ಮಾಡಲೇ ಇಲ್ಲ.

"ಮಾಸ್ತರ್ರೇ, ನೀವು ನೆಲದ್ ಮೇಲೆ ಕೂತು, ನಾನು ನಿಂತು ಪಾಠ ಹೇಳೂದಾ? ನಂಗೆ ಬಾಯೇ ಬರೂದಿಲ್ಲ."

ಕುರ್ಚಿ ತರಿಸಿದಳು. ನಾನು ಕುರ್ಚಿಯಲ್ಲಿ, ಉಳಿದವರು ಕೆಳಗೆ, ಅವಳು ಪಕ್ಕದಲ್ಲಿ ನಿಂತು. ಈ ವ್ಯವಸ್ಥೆಯಲ್ಲಿ ಅರ್ಧ ಜನ ತಮ್ಮ ಸಂಶಯಗಳನ್ನು ನನ್ನನ್ನೇ ಕೇಳತೊಡಗಿದರು. ನಾನು ಉತ್ತರಿಸಿದೆ. ಕೇಳಿದವರಿಗೆ ಇಲ್ಲ ಎನ್ನುವ ಅಭ್ಯಾಸ ನನಗಿಲ್ಲ. ತಾಳಮದ್ದಳೆಯಲ್ಲಿ ಅರ್ಥ ಹೇಳುವವನಿಗೆ ಮಾತು ಸಿಕ್ಕಿದರೆ ಬಿಡುವುದುಂಟೇ? ಚಹಾ ಬಂದಾಗಲೇ ನಿಲ್ಲಿಸಿದ್ದು.

ಇಡೀ ದಿನದಲ್ಲಿ ಪ್ರತಿಭಾ ಕೇಳಿದ್ದು ಒಂದೇ ಪ್ರಶ್ನೆ. "ಓದ್ತಾ ಓದ್ತಾ ಮಗು ಒಂದು ಶಬ್ದದ ಹತ್ರ ನಿಂತ್ಕಂಡ್ರೆ, ನೀವು ಎಷ್ಟೊತ್ತು ಕಾಯ್ತೀರಿ?"

"ನಿಲ್ಲೋದ್ಯಾಕೆ? ನನ್ನ ಕ್ಲಾಸಿನಲ್ಲಿ ಯಾರೂ ನಿಲ್ಲೋದೇ ಇಲ್ಲ," ಎಂದೆ. ಚಪ್ಪಾಳೆ ಬಿತ್ತು.

ನಮ್ಮ ಮೇಳದ ಮದ್ದಲೆಗಾರ ಗೋವಿಂದನೂ ಮಾಸ್ತರನೇ, ತರಬೇತಿಗೆ ಬಂದಿದ್ದಾನೆ. ಹೊರಗೆ ಬಂದಮೇಲೆ, "ಮಾರಾಯಾ, ಆನು ಮದ್ದಲೆ ತರಕಾಗಿತ್ತು," ಎಂದ.

೧೯ ನವೆಂಬರ್, ಮಂಗಳವಾರ

ಕಪ್ಪೆಯ ಹಾಡು ಹೇಳಿ ಕಪ್ಪೆಯಂತೆ ಜಿಗಿಯಬೇಕಂತೆ. ಜಿಗಿದೆ. ಸೊಂಟ ಹಿಡಿದಿದೆ. ಹೆಚ್ಚು ಬರೆಯಲಾರೆ.

೨೦ ನವೆಂಬರ್, ಬುಧವಾರ

ಸಂಜೆ ಬೀಗದ ಕೈ ಕೊಡುವುದಕ್ಕೆ ನಮ್ಮ ಶಾಲೆ ಇರುವ ಕಿರವತ್ತಿಗೆ ಹೋಗಬೇಕಾಯಿತು. ಹೆದ್ದಾರಿಯ ಢಾಬಾದಲ್ಲಿ ರೊಟ್ಟಿ ಬಡಿಯುವ ದ್ಯಾಮಪ್ಪ ಕೈ ಹಿಟ್ಟಾಗಿದ್ದರೂ ಓಡಿಬಂದ. ಅವನ ಮಗಳು ದೇವಿ ನಮ್ಮ ಶಾಲೆಯಲ್ಲಿ ಏಳನೆಯ ಇಯತ್ತೆ.

"ಮಾಸ್ತರ್ರ, ಚಾ ಕುಡೀರಿ. ಒಂದು ಮಾತು ಕೇಳೂದೈತಿ. ನಮ್ಮ ದೇವೀನ ಶಿರಸಿ ಹಾಸ್ಟೆಲಿನ್ಯಾಗ ತಗೋತಾರೇನ್ರಿ? ಮೇ ತಿಂಗಳದಾಗ ಕರದು, ಪೇಪರ್ ಕೊಟ್ಟು ಓದಸ್ತಾರಂತ. ಓದಿದ್ರ ಒಳಗ, ಇಲ್ಲಂದ್ರ ಹೊರಗ."

"ತಗೊಳ್ದೇ ಇದ್ರೆ?"

"ಈ ಢಾಬಾದ ಸಾವಕಾರ್ರ ಮಗಳು ಹುಬ್ಬಳ್ಳ್ಯಾಗ ಅದಾಳ್ರಿ. ಕೂಸು ಆಡ್ಸಾಕ ಹುಡುಗಿ ಬೇಕಂತ. ಹಾಸ್ಟೆಲ್ ಆಗ್ಲಿಲ್ಲಂದ್ರ ಕಳಸ್ತೇನಿ ಅಂತ ಮಾತು ಕೊಟ್ಟೇನ್ರಿ."

ನಾನು ನಕ್ಕೆ. ದೇವಿಯನ್ನು ಓದಿಸುತ್ತಾರಂತೆ! ಸಾಹೇಬರು ಶಾಲೆ ನೋಡಲು ಬಂದಾಗಲೆಲ್ಲ ನಾನು ಮೊದಲು ಎಬ್ಬಿಸುವುದೇ ಅವಳನ್ನು. ಅವಳು ಓದಿದರೆ ಸಾಹೇಬರು ಕಣ್ಣು ಮುಚ್ಚಿ ತಲೆದೂಗುತ್ತಾರೆ. "ನಿನ್ನ ಮಗಳಿಗೆ ಪೇಪರು ಓದೋದು ನೀರು ಕುಡಿದಷ್ಟು ಸುಲಭ. ಟ್ರಂಕು ತಂದಿಡು," ಎಂದು ಹೇಳಿ ಬಂದೆ. ದ್ಯಾಮಪ್ಪ ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ.

೨೨ ನವೆಂಬರ್, ಶುಕ್ರವಾರ

ಇವತ್ತು ಪ್ರಾಯೋಗಿಕ ಪಾಠ. ಎಲ್ಲರನ್ನೂ ನಮ್ಮ ಶಾಲೆಗೇ ಕರೆತನ್ನಿ ಎಂದು ಎದೆ ತಟ್ಟಿ ಹೇಳಿದವನು ನಾನೇ.

ನನ್ನ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಪಾಠವನ್ನು ಪ್ರಸಂಗದ ಹಾಗೆ ನಡೆಸುತ್ತೇನೆ. ನಾನು ರಾಗವಾಗಿ ಸಾಲು ಎತ್ತುತ್ತೇನೆ, ಮಕ್ಕಳು ಹಿಂದಿನಿಂದ ಹೇಳುತ್ತಾರೆ. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಕಾಡಿನ ಪ್ರಾಣಿಗಳು ಪಂಚಾಯಿತಿ ಸೇರುವ ಪಾಠದಲ್ಲಿ ದೇವಿ ಮುದಿ ಆನೆ. ಪುಸ್ತಕ ಬಿಡಿಸಿ ಹಿಡಿದು ಅವಳು ಓದಿದಾಗ ಜಮಖಾನೆಯ ಮೇಲಿದ್ದ ಮಾಸ್ತರುಗಳು ವ್ಹಾ ಎಂದರು.

ಪ್ರತಿಭಾ ತನ್ನ ಚೀಲದಿಂದ ರಟ್ಟಿನ ಪಟ್ಟಿಗಳನ್ನು ತೆಗೆದಳು. ಅದೇ ಪಾಠದ ವಾಕ್ಯಗಳು, ಒಂದೊಂದು ಪಟ್ಟಿಯಲ್ಲಿ ಒಂದೊಂದು. ಅವನ್ನು ಕಲೆಸಿ ಒಂದನ್ನು ದೇವಿಯ ಕೈಗೆ ಕೊಟ್ಟಳು. "ಕರಡಿ ಜೇನು ಕದ್ದದ್ದು ನಿಜ" ಎಂದು ಬರೆದಿತ್ತು. ದೇವಿ ಪಟ್ಟಿಯನ್ನು ಎತ್ತಿ ಹಿಡಿದು, ಸೊಂಡಿಲಿನ ಹಾಗೆ ಕೈ ಬೀಸಿ, "ಮಹಾರಾಜಾ! ನನ್ನ ಕಾಲ ಕೆಳಗಿನ ಇರುವೆಗೂ ನ್ಯಾಯ ಬೇಕು!" ಎಂದಳು.

ಇನ್ನೊಂದು ಕೊಟ್ಟಳು. ಮತ್ತೆ ಮಹಾರಾಜಾ, ಮತ್ತೆ ಇರುವೆ. ಈ ಸಲ ಇನ್ನೂ ಗಟ್ಟಿಯಾಗಿ. ಮಕ್ಕಳು ಚಪ್ಪಾಳೆ ತಟ್ಟಿದರು. ಮಾಸ್ತರುಗಳು ಜಮಖಾನೆಯ ಬಣ್ಣ ನೋಡಿದರು.

ಪ್ರತಿಭಾ ಪಟ್ಟಿಗಳನ್ನು ಒಳಗಿಟ್ಟು ಮಕ್ಕಳಿಂದ ಹಾಡು ಹೇಳಿಸಿದಳು. ಬೈದಿದ್ದರೆ ವಾದ ಮಾಡಬಹುದಿತ್ತು.

ಎಲ್ಲರೂ ಹೋದಮೇಲೆ ನಾನು ಫಲಕದ ಮೇಲೆ ದೊಡ್ಡದಾಗಿ ಬರೆದೆ: ದೇವಿಯ ಅಪ್ಪ ರೊಟ್ಟಿ ಸುಡುತ್ತಾನೆ. ಓದು ಎಂದೆ. ದೇವಿ ಫಲಕದ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದಳು.

"ಸುರು ಮಾಡ್ರಿ ಮಾಸ್ತರ್ರ. ನಾ ಹಿಂದ ಹೇಳ್ತೇನಿ."

ಬಿಡಿ ಅಕ್ಷರ ತೋರಿಸಿದರೆ ಗುರುತಿಸುತ್ತಾಳೆ. ನಾಲ್ಕು ಅಕ್ಷರ ಕೂಡಿದರೆ ಕತ್ತಲೆ. ಉಳಿದ ಮಕ್ಕಳನ್ನೂ ನೋಡಿದೆ. ಒಂದಿಬ್ಬರನ್ನು ಬಿಟ್ಟರೆ ಎಲ್ಲರದೂ ಇದೇ ಕತೆ.

೨೩ ನವೆಂಬರ್, ಶನಿವಾರ

ತರಬೇತಿ ಮುಗಿಯಿತು. ರಾತ್ರಿ ತಾಳಮದ್ದಳೆ ಇತ್ತು. ಹೊಟ್ಟೆ ಸರಿ ಇಲ್ಲ ಎಂದು ಹೇಳಿ ಕಳಿಸಿದೆ. ಹೊಟ್ಟೆ ಸರಿಯಾಗಿಯೇ ಇದೆ.

೨ ಡಿಸೆಂಬರ್, ಸೋಮವಾರ

ನಾಚಿಕೆ ಬಿಟ್ಟು ಯಲ್ಲಾಪುರದಲ್ಲಿರುವ ಪ್ರತಿಭಾಳ ಆಫೀಸಿಗೆ ಹೋದೆ. ತರಬೇತಿಯ ಹಾಜರಿಗೆ ಸಹಿ ಬಾಕಿ ಇದೆಯೋ ಎಂದು ಕೇಳಲು ಬಂದೆ ಎಂದೆ. ಬಾಕಿ ಇಲ್ಲ ಎಂದಳು. ಕೊನೆಗೆ ದೇವಿಯ ವಿಷಯ, ಹಾಸ್ಟೆಲಿನ ವಿಷಯ, ಹುಬ್ಬಳ್ಳಿಯ ಕೂಸಿನ ವಿಷಯ ಎಲ್ಲ ಹೇಳಿದೆ. ಟ್ರಂಕಿನ ಮಾತನ್ನೂ ಹೇಳಿದೆ.

"ನಿಮ್ಮ ದನಿ ಚಲೋ ಇದೆ ಮಾಸ್ತರ್ರೇ. ತೊಂದ್ರೆ ಅದೇ," ಎಂದಳು. "ಮಕ್ಕಳು ಪುಸ್ತಕ ಬಿಟ್ಟು ನಿಮ್ಮನ್ನೇ ಓದ್ತಾರೆ. ನಾನೂ ಮೂರನೇ ಇಯತ್ತೆ ತನ್ಕ ನಿಮ್ಮನ್ನೇ ಓದಿದ್ದು."

"ಆಗಲೇ ಹೇಳ್ಬೇಕಿತ್ತು."

"ನೀವು ಮಾತಾಡ್ಲಿಕ್ಕೆ ಎಲ್ಲಿ ಬಿಡ್ತಿದ್ರಿ?"

ಉಪಾಯ ಹೇಳಿಕೊಟ್ಟಳು. ದೇವಿ ತನ್ನ ಬಾಯಿಂದ ಏನು ಹೇಳುತ್ತಾಳೋ ಅದನ್ನೇ ಬರೆಯಬೇಕು. ಅವಳ ಮಾತನ್ನು ಅವಳೇ ಓದಬೇಕು. ಆಮೇಲೆ ಆ ಶಬ್ದಗಳನ್ನು ಬಿಚ್ಚಿ, ಬೇರೆ ಮಾತು ಕಟ್ಟಿ ಕೊಡಬೇಕು. ಅವಳು ನಿಂತರೆ ನಾನು ಹೇಳಿಕೊಡಬಾರದು. ಇದು ಸುಲಭ. ಮೇ ತಿಂಗಳಿಗೆ ಬೇಕಾದಷ್ಟು ಸಮಯವಿದೆ.

೪ ಡಿಸೆಂಬರ್, ಬುಧವಾರ

ಸುಲಭವಲ್ಲ.

ದೇವಿ ಹೇಳಿದಳು: "ಅಪ್ಪ ರೊಟ್ಟಿ ಬಡೀತಾನ. ಹೊಗೀಗೆ ಕಣ್ಣಾಗ ನೀರು ಬರ್ತಾವು." ಬಡಿಯುತ್ತಾನೆ, ಹೊಗೆಗೆ, ಬರುತ್ತದೆ ಎಂದು ತಿದ್ದುವುದಕ್ಕೆ ಕೈ ಹೋಯಿತು. ಹೇಳಿದ ಹಾಗೇ ಬರೆಯಬೇಕಂತೆ. ಮೂವತ್ತೊಂದು ವರ್ಷ ಶುದ್ಧ ಬರೆದ ಕೈ. ಸರಸ್ವತಿ ಕ್ಷಮಿಸಲಿ ಎಂದು ಬರೆದೆ.

ದೇವಿ ಓದಿದಳು. "ರೊಟ್ಟಿ" ಹತ್ತಿರ ನಿಂತಳು. ನಾನು ಬಾಯಿ ಮುಚ್ಚಿಯೇ ಇದ್ದೆ. ಆದರೆ ಹುಬ್ಬು ಕುಣಿಯಿತಂತೆ, ಅದನ್ನು ನೋಡಿ ಹೇಳಿಬಿಟ್ಟಳು. ಎರಡನೆಯ ಸಲ ತುಟಿ ಅಲುಗಿತಂತೆ. ಈ ಮುಖ ಎಷ್ಟು ವರ್ಷ ಅರ್ಥ ಹೇಳಿ ಪಳಗಿದೆಯೆಂದರೆ, ಇದನ್ನು ಸುಮ್ಮನಿರಿಸುವುದು ಹೇಗೆಂದು ನನಗೇ ತಿಳಿಯದು.

೬ ಡಿಸೆಂಬರ್, ಶುಕ್ರವಾರ

ಉಪಾಯ ಸಿಕ್ಕಿತು. ಅವಳು ಓದುವಾಗ ನಾನು ಪಕ್ಕದಲ್ಲಿ ಕೂತು ಕಿಟಕಿಯ ಹೊರಗೆ ನೋಡುತ್ತೇನೆ. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತವೆ. ನಿಜಕ್ಕೂ ಹಿಂಸೆ. ಶಬ್ದ ನಾಲಿಗೆಯ ತುದಿಯಲ್ಲಿರುತ್ತದೆ, ಉಗುಳು ನುಂಗಿದ ಹಾಗೆ ಅದನ್ನೂ ನುಂಗಬೇಕು. ಅವಳು ರೊ, ರೊಟ್, ಎಂದು ತಡಕಾಡಿ ತಡಕಾಡಿ, ಕೊನೆಗೆ "ರೊಟ್ಟಿ!" ಎಂದು ಕಿರುಚಿದಳು. ಬಿಸಿ ರೊಟ್ಟಿ ಕೈಗೆ ತಗುಲಿದಂತಿತ್ತು ಅವಳ ದನಿ. ನನಗೂ ಸಂತೋಷವಾಯಿತು. ಒಂದು ರೊಟ್ಟಿಗೆ ಇಷ್ಟು ಹೊತ್ತಾದರೆ ಒಂದು ಪೇಪರಿಗೆ ಎಷ್ಟು ಎಂದು ಆಮೇಲೆ ಹೆದರಿಕೆಯೂ ಆಯಿತು.

೧೧ ಜನವರಿ ೨೦೦೩, ಶನಿವಾರ

ಮಾಸ್ತರು ಕಿಟಕಿಯಲ್ಲಿ ಏನು ನೋಡುತ್ತಾರೆ ಎಂದು ದೇವಿಗೆ ಕುತೂಹಲ ಹುಟ್ಟಿ, ಅವಳೂ ನೋಡತೊಡಗಿದ್ದಾಳೆ.

"ಮಾಸ್ತರ್ರ, ಆ ಲಾರಿ ಹಿಂದ ಏನ್ ಬರದಾರ್ರಿ?"

"ನೀನೇ ನೋಡು."

"ಹೋತಲ್ರಿ!"

ಓಡುವ ಲಾರಿ ಓದುವುದಕ್ಕೆ ನಿಲ್ಲುವುದಿಲ್ಲ. ಆದರೆ ಅಪ್ಪನ ಢಾಬಾದಲ್ಲಿ ಊಟಕ್ಕೆ ನಿಲ್ಲುತ್ತವಲ್ಲ. ಈಗ ಸಂಜೆ ಅದೇ ಅವಳ ಕೆಲಸ. ತಾಯಿಯ ಆಶೀರ್ವಾದ, ನಿಧಾನವೇ ಪ್ರಧಾನ, ಯಾವ ಲಾರಿಯಲ್ಲಿ ಯಾವ ದೇವರು, ಎಲ್ಲ ವರದಿ ಬೆಳಿಗ್ಗೆ ನನಗೆ ಬರುತ್ತದೆ.

ಮನೆಯಲ್ಲಿ ಹೆಂಡತಿ ಪರಿಮಳಾ ನನ್ನ ಮುಖವನ್ನೇ ನೋಡುತ್ತಿದ್ದಳು. "ಎಂತ ಆತು ನಿಂಗಕ್ಕೆ? ಸಾರಿಗೆ ಉಪ್ಪು ಹೆಚ್ಚಾದ್ರೂ ಒಂದು ಮಾತಿಲ್ಲೆ. ಆನು ಹೇಳಿದ್ದೆಲ್ಲ ಕೇಳ್ತಾ ಕೂತಿದ್ರಿ. ಡಾಕ್ಟರ ಹತ್ರ ಹೋಪನಾ?"

ನನಗೇನೂ ಆಗಿಲ್ಲ. ಹೆಂಗಸರಿಗೆ ಸುಮ್ಮನೆ ಗಾಬರಿ.

೧೯ ಜನವರಿ, ಭಾನುವಾರ

ನಿನ್ನೆ ಬನವಾಸಿಯಲ್ಲಿ ತಾಳಮದ್ದಳೆ. ನನ್ನದು ಕೃಷ್ಣ. ಸಂಧಿಗೆ ಹೋಗಿ ಕೌರವನಿಗೆ ಒಂದು ಪ್ರಶ್ನೆ ಕೇಳಿದೆ, ಉತ್ತರಕ್ಕೆ ಕಾದೆ. ಕೌರವ ನೀರು ಕುಡಿದ. ಕಾದೆ. ಇನ್ನೊಮ್ಮೆ ನೀರು ಕುಡಿದ. ಪ್ರಸಂಗ ಬೇಗ ಮುಗಿದು, ಜನ ಮನೆಗೆ ಹೋಗಿ ಬಿಸಿ ಊಟ ಮಾಡಿದರಂತೆ.

"ಎಂತಾ ಮಾರಾಯಾ, ಪ್ರಶ್ನೆ ಕೇಳಿ ಸುಮ್ನೆ ಕೂತ್ಬಿಟ್ಯಲ!" ಎಂದು ಗೋವಿಂದ ಸಿಟ್ಟು ಮಾಡಿದ. "ನಿನ್ನ ಎದುರು ಕೂತವಂಗೆ ಉತ್ತರ ಹೇಳೋ ರೂಢಿನೇ ಇಲ್ಲೆ."

ತಪ್ಪು ಕೌರವನದು. ತಯಾರಿ ಮಾಡಿಕೊಂಡು ಬರಬೇಕಿತ್ತು.

೧೩ ಫೆಬ್ರುವರಿ, ಗುರುವಾರ

ದ್ಯಾಮಪ್ಪ ಶಾಲೆಗೇ ಬಂದ, ದೂರು ಹೊತ್ತುಕೊಂಡು. ಢಾಬಾದ ಎದುರು ಒಂದು ಹಳೆಯ ಫಲಕವಿದೆ. "ಇಲ್ಲಿ ವಾಹನ ನಿಲ್ಲಿಸಬಾರದು" ಎಂದು ಅದರಲ್ಲಿ ಬರೆದದ್ದನ್ನು ಇಷ್ಟು ವರ್ಷ ಒಂದು ನರಪಿಳ್ಳೆಯೂ ಓದಿರಲಿಲ್ಲ. ದೇವಿ ಓದಿದ್ದಾಳೆ. ಓದಿದವಳು ಸುಮ್ಮನಿರದೆ ಡ್ರೈವರುಗಳಿಗೆಲ್ಲ ಓದಿ ಹೇಳಿದ್ದಾಳೆ. ಮೂರು ಲಾರಿ ಮುಂದಿನ ಢಾಬಾಕ್ಕೆ ಹೋದವು.

"ಸಾವಕಾರ್ರು ನನ್ನ ಮ್ಯಾಲ ಹಾರ್ಯಾಡಾಕ ಹತ್ಯಾರ್ರಿ. ಮಾಸ್ತರ್ರ, ಓದಾಕ ಕಲಸ್ರಿ, ಆದ್ರ ಸ್ವಲ್ಪ ಕಡಿಮಿ ಕಲಸ್ರಿ."

ನಗು ತಡೆಯಲಾಗಲಿಲ್ಲ. ಅವನೂ ನಕ್ಕ.

೭ ಮಾರ್ಚ್, ಶುಕ್ರವಾರ

ಮೊದಲ ಬಾರಿಗೆ ಪೇಪರು ಕೊಟ್ಟೆ. ಅರ್ಧ ಕಾಲಂ ಓದುವಷ್ಟರಲ್ಲಿ ದೇವಿಗೆ ಬೆವರು. ಉದ್ದ ಶಬ್ದ ಬಂದರೆ ನಾಲಿಗೆ ಎಡವುತ್ತದೆ. ಕೊನೆಗೆ ಪೇಪರು ಮಡಚಿ ಅತ್ತಳು. "ಮೊದಲಿನಂಗ ನೀವ ಹೇಳ್ರಿ ಮಾಸ್ತರ್ರ. ಆವಾಗ ಎಷ್ಟ್ ಚಲೋ ಓದತಿದ್ದೆ!"

ಬಾಯಿ ತೆರೆದಿದ್ದೆ. ಒಂದೇ ಒಂದು ಸಾಲು ಎತ್ತಿದ್ದರೆ ಅವಳ ಅಳು ನಿಲ್ಲುತ್ತಿತ್ತು. ಎತ್ತಲಿಲ್ಲ. ನನಗೂ ಅಳು ಬಂತು. ಇಬ್ಬರೂ ಕೂತು ಶೇಂಗಾ ತಿಂದೆವು. ಆಮೇಲೆ ಅವಳೇ ಪೇಪರು ಬಿಡಿಸಿದಳು.

೨೭ ಏಪ್ರಿಲ್, ಭಾನುವಾರ

ಬೇಸಿಗೆ ರಜೆ. ಆದರೂ ಬಸ್ಸು ಹತ್ತಿ ಕಿರವತ್ತಿಗೆ ಹೋಗುತ್ತಿದ್ದೇನೆ, ಢಾಬಾದ ಹಿಂದಿನ ಬೆಂಚಿನಲ್ಲಿ ನಮ್ಮ ಶಾಲೆ. ಇನ್ನು ಒಂದೇ ವಾರ. ದೇವಿ ಓದುತ್ತಾಳೆ, ಆದರೆ ನಿಧಾನ. ನಿಧಾನವಾಗಿ ಓದಿದರೆ ಹಾಸ್ಟೆಲಿನವರು ಒಪ್ಪುತ್ತಾರೋ ಇಲ್ಲವೋ. ಸಾವುಕಾರರ ಮಗಳು ಹುಬ್ಬಳ್ಳಿಯಿಂದ ಮತ್ತೆ ಹೇಳಿ ಕಳಿಸಿದ್ದಾಳೆ.

ಸಂಜೆ ಗೋವಿಂದ ಬಂದಿದ್ದ. "ನನ್ನ ಭಾವನ ತಂಗಿ ಆ ಹಾಸ್ಟೆಲಿನಲ್ಲೇ ಕೆಲಸಕ್ಕೆ ಇದ್ದು. ಯಾವುದನ್ನ ಓದಿಸ್ತ ಹೇಳಿ ಕೇಳ್ತೆ. ನಾಲ್ಕು ದಿನದಲ್ಲಿ ಬಾಯಿಪಾಠ ಮಾಡಿಸು. ನಿಂಗೆ ಅದೇನು ಹೊಸ್ತಾ?"

ಹೂಂ ಎಂದೆ. ಹೂಂ ಎನ್ನದೆ ಏನು ಮಾಡಲಿ? ಹುಡುಗಿಯ ಬಾಳಿನ ಪ್ರಶ್ನೆ. ನನ್ನ ಪದ್ಧತಿಯಲ್ಲಿ ಕಲಿಸಿದರೆ ಅವಳು ಹಾಸ್ಟೆಲಿನ ಗೋಡೆ ನಡುಗುವ ಹಾಗೆ ಓದಿಯಾಳು.

೨೮ ಏಪ್ರಿಲ್, ಸೋಮವಾರ

ದೇವಿಯನ್ನು ಕೇಳಿದೆ. "ಅಲ್ಲಿ ಏನು ಓದಿಸ್ತಾರೆ ಅಂತ ನಾನು ಮೊದಲೇ ತಿಳ್ಕೊಂಡು ನಿನಗೆ ಹೇಳಿಕೊಟ್ರೆ?"

ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸಿ ಯೋಚಿಸಿದಳು. "ಮತ್ತ ನಾನ್ಯಾಕ ಹೋಗ್ಲಿರಿ? ನೀವ ಹೋಗಿ ಓದಿ ಬರ್ರಿ."

ಅಧಿಕಪ್ರಸಂಗಿ! ಯಲ್ಲಾಪುರಕ್ಕೆ ಬಂದು ಗೋವಿಂದನಿಗೆ ಬೇಡ ಎಂದು ಹೇಳಿದೆ. ಅವನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಅದಕ್ಕಾಗಿ ಬೇಡ ಎಂದದ್ದು. ಬೇರೆ ಕಾರಣವೇನೂ ಇಲ್ಲ. ನಿದ್ದೆ ಬರುತ್ತಿಲ್ಲ. ತಪ್ಪು ಮಾಡಿದೆನೋ ಏನೋ.

೫ ಮೇ, ಸೋಮವಾರ

ಶಿರಸಿಯಿಂದ ಈಗಷ್ಟೇ ಬಂದೆ. ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಸಿಟ್ಟಿನಲ್ಲಿ ಎಲ್ಲ ಕಲಸುಮೇಲೋಗರವಾದೀತು.

ಹಾಸ್ಟೆಲಿನ ಜಗಲಿಯಲ್ಲಿ ನಾನು, ದ್ಯಾಮಪ್ಪ. ದೇವಿಯನ್ನು ಒಳಗೆ ಕರೆದರು. ಕಿಟಕಿ ತೆರೆದಿತ್ತು, ಎಲ್ಲ ಕೇಳಿಸುತ್ತಿತ್ತು. ಮೇಲ್ವಿಚಾರಕಿ ಅಂದಿನ ಪೇಪರಿನ ಒಂದು ಮೂಲೆ ತೋರಿಸಿ ಓದು ಎಂದರು. ಎಲ್ಲೋ ಮದುವೆಯ ಮನೆಗೆ ಮಂಗ ನುಗ್ಗಿ ಮದುಮಗನ ಪೇಟ ಎತ್ತಿಕೊಂಡು ಹೋದ ಸುದ್ದಿ. ದೇವಿ ಓದುತ್ತಾ ಹೋದಳು, ನಿಧಾನ, ಬೆರಳಿಟ್ಟುಕೊಂಡು. "ಮುಹೂರ್ತ" ಎಂಬಲ್ಲಿ ನಿಂತಳು.

ನಿಂತೇ ಬಿಟ್ಟಳು. ಮೇಲ್ವಿಚಾರಕಿ ಗಡಿಯಾರ ನೋಡಿದರು.

"ಹೇಳ್ರೀ ಮಾಸ್ತರ್ರ," ಎಂದು ದ್ಯಾಮಪ್ಪ ನನ್ನ ಅಂಗಿ ಜಗ್ಗಿದ. "ಕಿಟಕ್ಯಾಗಿಂದ ಮೆಲ್ಲಕ ಹೇಳ್ರಿ, ಯಾರಿಗೂ ಕೇಳ್ಸೂದಿಲ್ಲ." ನಾನು ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡು ಸುಮ್ಮನಿರು ಎಂದೆ. ಒಳಗೆ ಮು, ಮುಹೂ, ಎಂದು ಕೇಳಿಸಿತು. ಮತ್ತೆ ಸುಮ್ಮನೆ. ಆಮೇಲೆ "ಮುಹೂರ್ತ ಮೀರುತ್ತಿದ್ದಂತೆ" ಎಂದು ಪೂರ್ತಿ ಬಂತು. ನನ್ನ ಮೂವತ್ತೊಂದು ವರ್ಷದಲ್ಲಿ ಅಷ್ಟು ಉದ್ದದ ಮಾತನ್ನು ಯಾರೂ ಓದಿರಲಿಕ್ಕಿಲ್ಲ.

ಮುಂದೆ ಎರಡು ಸಾಲು ಓದಿ ದೇವಿ ನಗತೊಡಗಿದಳು.

"ಯಾಕಮ್ಮಾ ನಗ್ತೀ?"

"ಪೇಟ ಹಾಕ್ಕೊಂಡು ಗಿಡದಾಗ ಕುಂತಿದ್ದು ಮಂಗ್ಯಾ ರೀ. ಇವ್ರು ಮದುಮಗಂದು ಫೋಟೋ ಹಾಕ್ಯಾರ. ಅದನ್ಯಾರು ನೋಡ್ತಾರ್ರಿ?"

ಮೇಲ್ವಿಚಾರಕಿ ಪೇಪರು ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು. ಅವರೂ ನಕ್ಕರು. ಜೂನ್ ಒಂದಕ್ಕೆ ಬಾ, ಹಾಸಿಗೆ ತಾ, ಎಂದರು. ದ್ಯಾಮಪ್ಪ ಜಗಲಿಯಲ್ಲೇ ಕುಸಿದು ಕೂತ. ನಾನು ದೇವರಿಗೆ ಕೈಮುಗಿದೆ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮೇಲ್ವಿಚಾರಕಿ ಕೇಳಿದರು, "ನಿನಗೆ ಓದು ಕಲಿಸಿದ್ದು ಯಾರು?" ನಾನು ಶಾಲು ಸರಿಮಾಡಿಕೊಂಡು ಕಿಟಕಿಗೆ ಕಾಣುವಂತೆ ನಿಂತೆ.

"ಯಾರೂ ಕಲಸಿಲ್ರಿ," ಎಂದಳು ದೇವಿ. "ನಾನ ಓದ್ಕೋತ ಕಲ್ತೇನ್ರಿ."

"ನಿಮ್ಮ ಮಾಸ್ತರು?"

"ಅವ್ರು ಬಾಜೂಕ ಸುಮ್ಮನ ಕುಂತಿರ್ತಿದ್ರು."

ಸುಮ್ಮನೆ ಕುಂತಿರುತ್ತಿದ್ದರಂತೆ! ದ್ಯಾಮಪ್ಪನಿಗೆ ನಾಚಿಕೆಯಾಗಿ, ಹುಡುಗಬುದ್ಧಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡ. ಬಸ್ ಸ್ಟ್ಯಾಂಡಿನಿಂದ ಪ್ರತಿಭಾಗೆ ಫೋನು ಮಾಡಿ ಹೇಳಿದೆ. ಅವಳಾದರೂ ನನ್ನ ಪರವಾಗಿ ಒಂದು ಮಾತು ಆಡುತ್ತಾಳೆ ಎಂದುಕೊಂಡರೆ, "ಅವ್ಳು ಎಂತ ಹೇಳಿದ್ಳು? ಇನ್ನೊಂದ್ಸಲ ಹೇಳಿ ಮಾಸ್ತರ್ರೇ," ಎಂದಳು. ಇನ್ನೊಂದು ಸಲ ಹೇಳಿದೆ. ಆ ಕಡೆ ಮೂಗು ಎಳೆದುಕೊಳ್ಳುವ ಸದ್ದು ಕೇಳಿಸಿತು. ನೆಗಡಿ ಇರಬೇಕು.

ಬಸ್ಸಿನಲ್ಲಿ ದ್ಯಾಮಪ್ಪ ನಿದ್ದೆ ಹೋದ. ದೇವಿ ನನ್ನ ಪಕ್ಕದಲ್ಲಿ. ಸ್ಟ್ಯಾಂಡಿನಲ್ಲಿ ಕಟ್ಟಿಸಿಕೊಂಡ ಮಿರ್ಚಿ ಭಜಿಯಲ್ಲಿ ಉಳಿದ ಒಂದನ್ನು ನನ್ನ ಕೈಗೆ ಕೊಟ್ಟು, ಎಣ್ಣೆ ಹತ್ತಿದ ಪೇಪರಿನ ಹಾಳೆಯನ್ನು ತೊಡೆಯ ಮೇಲೆ ನೇವರಿಸಿ ಬಿಡಿಸಿಕೊಂಡಳು. ಯಾವ ಅರ್ಥದಲ್ಲಿ ಹಾಗೆ ಹೇಳಿದೆ ಹುಡುಗಿ, ನನಗೆ ಬೇಜಾರಾಗುವುದಿಲ್ಲವೇ ಎಂದು ಕೇಳಲು ಎರಡು ಸಲ ಬಾಯಿ ತೆರೆದೆ. ಅವಳು ಓದುತ್ತಿದ್ದಳು. ದನಿಯಿಲ್ಲ, ಬೆರಳಿಲ್ಲ, ತುಟಿ ಕೂಡ ಅಲುಗುತ್ತಿರಲಿಲ್ಲ. ಆಮೇಲೆ ಕೇಳಿದರಾಯಿತು ಎಂದು ಭಜಿ ತಿಂದು, ಯಲ್ಲಾಪುರ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತಾ ಕೂತೆ.